ಮಂಗಳೂರು–ಉಡುಪಿಯಲ್ಲಿ ಬ್ಯಾಂಡ್ ಶೋ: ಯಾವ ಪ್ರಚಾರ ಸೇವೆಗೆ ದುಡ್ಡು ಹಾಕಬಹುದು?

ಸ್ವಂತ ಹಾಡು ಹಾಡುವ, ಬೆನ್ನಿಗೆ ಕಂಪನಿಯಾಗಲಿ ಪ್ರಾಯೋಜಕರಾಗಲಿ ಇಲ್ಲದ ಬ್ಯಾಂಡ್‌ಗೆ ಇನ್ನೂರು ಸೀಟಿನ ಸಭಾಂಗಣ ತುಂಬಿಸುವುದು ನಮ್ಮ ಕರಾವಳಿಯಲ್ಲಿ ಸುಲಭದ ಕೆಲಸವಲ್ಲ. ಇಲ್ಲಿನವರಿಗೆ ಸಂಗೀತದ ಬರ ಇಲ್ಲ. ಜಾತ್ರೆಯ ರಸಮಂಜರಿ, ಕೃಷ್ಣಮಠದ ರಾಜಾಂಗಣದ ಕಛೇರಿ, ಕಾಲೇಜು ಫೆಸ್ಟ್, ಬಯಲಾಟ ಎಲ್ಲವೂ ಉಂಟು, ಹೆಚ್ಚಿನದಕ್ಕೆ ಕಾಸು ಕೊಡಬೇಕಾಗಿಲ್ಲ. ‘ಸರ್ವರಿಗೂ ಆದರದ ಸ್ವಾಗತ’ ಎಂಬ ಆಮಂತ್ರಣ ಪತ್ರಿಕೆಗೆ ಒಗ್ಗಿಹೋದವರ ಮುಂದೆ ‘ಟಿಕೆಟ್ 300 ರೂಪಾಯಿ’ ಎಂದು ಇಡಬೇಕು. ಹಾಗೆಂದು ಟಿಕೆಟ್ ತೆಗೆಯುವ ಅಭ್ಯಾಸವೇ ಇಲ್ಲ ಎನ್ನುವಂತಿಲ್ಲ. ತುಳು ನಾಟಕ, ಟೆಂಟಿನ ಯಕ್ಷಗಾನ, ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಹೆಸರಿನೊಂದಿಗೆ ಬೆಳೆದ ಕೊಂಕಣಿ ನೈಟ್‌ಗಳಿಗೆ ಜನ ದುಡ್ಡು ಕೊಟ್ಟೇ ಹೋಗಿದ್ದಾರೆ. ಅಲ್ಲಿ ಟಿಕೆಟ್ ಖರ್ಚಾಗುವುದು ಬಹುಪಾಲು ಗುರುತಿನವರ ಕೈಯಿಂದ. ಇದನ್ನು ನೆನಪಿಟ್ಟುಕೊಂಡೇ ಮುಂದಿನ ಸೇವೆಗಳನ್ನು ತೂಗಿದ್ದೇವೆ. ಎಷ್ಟು ಜನ ನೋಡಿದರು ಎಂಬ ಅಂಕಿಗೆ ಇಲ್ಲಿ ಬೆಲೆ ಕೊಟ್ಟಿಲ್ಲ. ಕೊಟ್ಟ ದುಡ್ಡಿಗೆ ಎಷ್ಟು ಸೀಟು ತುಂಬಬಹುದು ಎಂಬುದೊಂದೇ ಅಳತೆ.

ಈ ಅಳತೆ ಸಿಗಬೇಕಾದರೆ ಪ್ರಚಾರಕ್ಕೆ ಕೈಹಾಕುವ ಮೊದಲೇ ಒಂದು ಏರ್ಪಾಡು ಬೇಕು. ಪೋಸ್ಟರಿಗೆ ಒಂದು ಲಿಂಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಇನ್ನೊಂದು, ವಾಟ್ಸ್‌ಆ್ಯಪ್‌ಗೆ ಮತ್ತೊಂದು ಮಾಡಿಡಿ. ಟಿಕೆಟ್ ಆ್ಯಪ್‌ನಲ್ಲಿ ಕೂಪನ್ ಕೋಡ್ ಕೊಡಲು ಬರುವುದಾದರೆ ಪ್ರತಿಯೊಂದು ದಾರಿಗೂ ಬೇರೆ ಕೋಡ್ ಇಟ್ಟು 20 ರೂಪಾಯಿ ಬಿಡಿ. ಆ 20 ರೂಪಾಯಿ ಮಾಹಿತಿಗೆ ಕೊಟ್ಟ ಬೆಲೆ. ಬಾಗಿಲಲ್ಲಿ ಟಿಕೆಟ್ ಹರಿಯುವವರು ‘ಎಲ್ಲಿ ಗೊತ್ತಾಯಿತು?’ ಎಂದು ಕೇಳಿ ಒಂದು ಗೀಟು ಹಾಕಿಕೊಂಡರೂ ಸಾಕು. ಇಷ್ಟು ಮಾಡದಿದ್ದರೆ ಮುಂದಿನ ಶೋಗೂ ಕಣ್ಣುಮುಚ್ಚಿಯೇ ಖರ್ಚು ಮಾಡಬೇಕಾಗುತ್ತದೆ.

ಇನ್‌ಸ್ಟಾಗ್ರಾಂ ಜಾಹೀರಾತು: 5ರಲ್ಲಿ 3

ಹೆಚ್ಚಿನ ಬ್ಯಾಂಡ್‌ಗಳ ಹೆಚ್ಚಿನ ದುಡ್ಡು ಹೋಗುವುದು ಇಲ್ಲಿಗೆ. ಹೋಗುವ ದಾರಿ ಮಾತ್ರ ತಪ್ಪು. ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಲು ಪೋಸ್ಟಿನ ಕೆಳಗಿರುವ ಬೂಸ್ಟ್ ಬಟನ್ ಒತ್ತುವುದು ಅತ್ಯಂತ ಸುಲಭ, ಅಷ್ಟೇ ದುಬಾರಿ. ಐಫೋನ್ ಆ್ಯಪ್‌ನಲ್ಲಿ ಬೂಸ್ಟ್ ಮಾಡಿದರೆ ಆಪಲ್‌ನ ಶೇ. 30ರ ಶುಲ್ಕ ಸೇರುತ್ತದೆ. ಅದೇ ಕೆಲಸವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡಿದರೆ ಆ ಶುಲ್ಕ ಇಲ್ಲ. ಶೇ. 18 ಜಿಎಸ್‌ಟಿ ಇದ್ದೇ ಇದೆ. ಆದ್ದರಿಂದ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಕೂತು ಜಾಹೀರಾತು ಕಟ್ಟುವುದನ್ನು ಬ್ಯಾಂಡಿನಲ್ಲಿ ಒಬ್ಬರಾದರೂ ಕಲಿಯಬೇಕು.

ಅಲ್ಲಿ ಮೊದಲು ಎಡವುವುದು ನಕ್ಷೆಯಲ್ಲಿ. ಮಂಗಳೂರಿನ ನಡುಪೇಟೆ ಹಂಪನಕಟ್ಟೆಗೆ ಪಿನ್ ಚುಚ್ಚಿ 40 ಕಿಲೋಮೀಟರ್ ತ್ರಿಜ್ಯ ಕೊಟ್ಟರೆ ವೃತ್ತದ ಅರ್ಧ ಅರಬ್ಬಿ ಸಮುದ್ರ. ಉಳಿದದ್ದರಲ್ಲಿ ಒಂದು ಪಾಲು ತಲಪಾಡಿ ದಾಟಿ ಕೇರಳಕ್ಕೆ ಹೋಗುತ್ತದೆ. ಮಂಜೇಶ್ವರ, ಕಾಸರಗೋಡಿನವರು ಬರುವುದಿಲ್ಲ ಎಂದಲ್ಲ. ಆದರೆ ಅವರನ್ನು ಬೇಕೆಂದೇ ಸೇರಿಸಬೇಕು, ಗೊತ್ತಿಲ್ಲದೆ ಸೇರಿಸಬಾರದು. ದೊಡ್ಡ ಒಂದು ವೃತ್ತದ ಬದಲು ಸಣ್ಣ ನಾಲ್ಕು ಹಾಕಿ: ಮಂಗಳೂರು ನಗರಕ್ಕೆ 10 ಕಿಲೋಮೀಟರ್, ಸುರತ್ಕಲ್–ಎನ್‌ಐಟಿಕೆಗೆ 5, ದೇರಳಕಟ್ಟೆಗೆ 5, ಮಣಿಪಾಲಕ್ಕೆ 6. ಶೋ ಮಂಗಳೂರಿನಲ್ಲಿದ್ದು ವಾರದ ನಡುವೆ ಬಿದ್ದರೆ ಮಣಿಪಾಲದ ಪಿನ್ ತೆಗೆದುಬಿಡಿ. ಹೆಚ್ಚುಕಮ್ಮಿ 60 ಕಿಲೋಮೀಟರ್ ಬಂದು ಅದೇ ರಾತ್ರಿ ವಾಪಸ್ ಹೋಗುವವರು ಶನಿವಾರಕ್ಕೆ ಮಾತ್ರ ಸಿಗುತ್ತಾರೆ.

ಎರಡನೆಯದು ಭಾಷೆಯ ಆಯ್ಕೆ. ಕನ್ನಡ ಹಾಡು ಎಂದು ಭಾಷೆಯ ಜಾಗದಲ್ಲಿ ‘ಕನ್ನಡ’ ಒತ್ತಿದರೆ ಜಾಹೀರಾತು ಹೋಗುವುದು ಆ್ಯಪ್ ಅನ್ನೇ ಕನ್ನಡದಲ್ಲಿ ಇಟ್ಟುಕೊಂಡವರಿಗೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷ್ ಎಂಬಂತಿರುವ ನಮ್ಮ ಹುಡುಗರು ಹುಡುಗಿಯರೆಲ್ಲ ಹೊರಗೆ ಉಳಿಯುತ್ತಾರೆ. ಆ ಜಾಗ ಖಾಲಿ ಬಿಡಿ.

ಗುರಿ ಆಯ್ಕೆ ಮಾಡುವಾಗ ‘ಸೇಲ್ಸ್’ ಎಂದು ಹಾಕಲು ಕೈ ಹೋಗುತ್ತದೆ, ಟಿಕೆಟ್ ಮಾರುವುದೇ ಉದ್ದೇಶವಲ್ಲವೇ ಎಂದು. ಮೆಟಾದ ಯಂತ್ರಕ್ಕೆ ಯಾರು ಖರೀದಿಸುತ್ತಾರೆಂದು ಕಲಿಯಲು ವಾರಕ್ಕೆ ಸುಮಾರು 50 ಖರೀದಿಗಳು ಬೇಕು. ದಿನಕ್ಕೆ 200 ರೂಪಾಯಿ ಹಾಕುವ ಬ್ಯಾಂಡ್‌ಗೆ ಅಷ್ಟು ಸಿಗುವ ಮೊದಲೇ ಶೋ ಮುಗಿದಿರುತ್ತದೆ. ಲಿಂಕ್ ಕ್ಲಿಕ್ ಅಥವಾ ವಾಟ್ಸ್‌ಆ್ಯಪ್ ಸಂದೇಶವನ್ನೇ ಗುರಿಯಾಗಿಡಿ. ಈ ಎರಡರಲ್ಲಿ ನಮ್ಮ ಮತ ವಾಟ್ಸ್‌ಆ್ಯಪ್‌ಗೆ. ‘ಪಾರ್ಕಿಂಗ್ ಉಂಟಾ?’, ‘ಮಕ್ಕಳಿಗೂ ಟಿಕೆಟ್ ಬೇಕಾ?’, ‘ಎಷ್ಟೊತ್ತಿಗೆ ಬಿಡ್ತೀರಿ?’ ಎಂದು ಕೇಳಿ ಉತ್ತರ ಸಿಕ್ಕಿದ ಮೇಲೆಯೇ ಇಲ್ಲಿನ ಜನ ದುಡ್ಡು ಹಾಕುವುದು. ಉತ್ತರ ಕೊಡಲು ಒಬ್ಬರು ಸಂಜೆ ಹೊತ್ತು ಫೋನ್ ಹಿಡಿದು ಕೂತಿರಬೇಕು, ಅಷ್ಟೇ.

ದುಡ್ಡನ್ನು ಎರಡು ಕಂತಿನಲ್ಲಿ ಹಾಕಿ. ಮೂರು ವಾರ ಮೊದಲು ಹಾಡಿನ ರೀಲ್ ಅನ್ನು ವಿಶಾಲವಾಗಿ ಓಡಿಸಿ. ಕೊನೆಯ ಐದು ದಿನ, ಆ ರೀಲನ್ನು ಮುಕ್ಕಾಲು ಪಾಲು ನೋಡಿದವರಿಗೆ ಮತ್ತು ನಿಮ್ಮ ಖಾತೆಯಲ್ಲಿ ಲೈಕ್, ಕಮೆಂಟ್ ಮಾಡಿದವರಿಗೆ ಮಾತ್ರ ಟಿಕೆಟ್ ಜಾಹೀರಾತು ತೋರಿಸಿ. ಈ ಎರಡನೆಯ ಕಂತೇ ಸೀಟು ತುಂಬಿಸುವುದು. ಅಪರಿಚಿತರಿಗೆ ಒಂದೇ ಏಟಿಗೆ ಟಿಕೆಟ್ ಮಾರಲು ಹೋದರೆ ಲೈಕ್ ಬರುತ್ತದೆ, ಜನ ಬರುವುದಿಲ್ಲ.

ರೀಲ್ ಕಟ್ಟುವಾಗ ಅಳತೆ ನೋಡಿ. 1080×1920ರ ಚೌಕಟ್ಟಿನಲ್ಲಿ ಮೇಲಿನ ಶೇ. 14, ಕೆಳಗಿನ ಶೇ. 35 ಭಾಗದಲ್ಲಿ ಮುಖ್ಯ ಮಾಹಿತಿ ಇಡಬಾರದು. ಹೆಸರು, ಬಟನ್, ವಿವರಣೆ ಅಲ್ಲಿ ಕೂರುತ್ತವೆ. ಅಂದರೆ ಕೆಳಗಿನಿಂದ ಸುಮಾರು 670 ಪಿಕ್ಸೆಲ್ ಮೇಲೆ, ಮೇಲಿನಿಂದ 270 ಪಿಕ್ಸೆಲ್ ಕೆಳಗೆ ದಿನಾಂಕ ಬರಬೇಕು. ಇಲ್ಲಿ ಕಾಣುವ ಎಷ್ಟೋ ರೀಲುಗಳಲ್ಲಿ ದಿನಾಂಕ ಸರಿಯಾಗಿ ಬಟನ್‌ನ ಅಡಿಯಲ್ಲಿ ಕೂತಿರುತ್ತದೆ. ಇನ್ನು ಆಡಿಯೋ: ಇನ್‌ಸ್ಟಾಗ್ರಾಂ ಸಂಗೀತ ಭಂಡಾರದಿಂದ ತೆಗೆದ ಹಾಡು ಇರುವ ರೀಲನ್ನು ಬೂಸ್ಟ್ ಮಾಡಲು ಬಿಡುವುದಿಲ್ಲ. ವಿತರಕರ ಮೂಲಕ ನಿಮ್ಮದೇ ಹಾಡು ಆ ಭಂಡಾರಕ್ಕೆ ಸೇರಿದ್ದರೂ ಅಲ್ಲಿಂದ ಆರಿಸಿದರೆ ಅದೇ ತೊಡಕು. ಅಭ್ಯಾಸದ ಕೋಣೆಯಲ್ಲಿ ಮಿಕ್ಸರಿನಿಂದ ನೇರ ರೆಕಾರ್ಡ್ ಮಾಡಿದ ಆಡಿಯೋವನ್ನು ವಿಡಿಯೋಗೇ ಸೇರಿಸಿ ಏರಿಸಿ. ಶೋದಲ್ಲಿ ಕೇಳುವ ಸದ್ದೂ ಅದೇ ತಾನೆ.

ಟಿಕೆಟ್ ಆ್ಯಪ್‌ಗಳು: 5ರಲ್ಲಿ 3, ಇನ್ನೂರು ಸೀಟಿನ ಒಳಗಿದ್ದರೆ 2

ಬುಕ್‌ಮೈಶೋ ಗೊತ್ತಿಲ್ಲದವರಿಲ್ಲ. ಪೇಟಿಎಂನ ಟಿಕೆಟ್ ವ್ಯವಹಾರವನ್ನು 2024ರಲ್ಲಿ ಜೊಮ್ಯಾಟೊ ಕೊಂಡ ಮೇಲೆ ಡಿಸ್ಟ್ರಿಕ್ಟ್ ಎಂಬ ಆ್ಯಪ್ ಬಂದಿದೆ. ಇವುಗಳಲ್ಲಿ ಹೆಸರು ಕಂಡರೆ ಶೋಗೆ ಒಂದು ತೂಕ ಬರುತ್ತದೆ, ಸುಳ್ಳಲ್ಲ. ಆದರೆ ಆ್ಯಪ್ ತೆರೆದು ‘ಈ ವಾರ ಮಂಗಳೂರಿನಲ್ಲಿ ಏನುಂಟು’ ಎಂದು ಹುಡುಕಿ ಹೊಸ ಬ್ಯಾಂಡ್‌ಗೆ ಬರುವವರು ಕಡಿಮೆ. ಅಲ್ಲಿ ಟಿಕೆಟ್ ತೆಗೆಯುವವರಲ್ಲಿ ಹೆಚ್ಚಿನವರು ನೀವೇ ಕಳಿಸಿದ ಲಿಂಕ್ ಒತ್ತಿದವರು. ಆ್ಯಪ್ ನಿಮಗೆ ಮಾಡಿಕೊಡುವುದು ಗಲ್ಲಾಪೆಟ್ಟಿಗೆಯ ಕೆಲಸ, ಪ್ರಚಾರದ್ದಲ್ಲ.

ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಕೇಳಿ ಬರಹದಲ್ಲಿ ಪಡೆಯಿರಿ. ಹಣ ಯಾವಾಗ ಖಾತೆಗೆ ಬರುತ್ತದೆ? ಸಾಮಾನ್ಯವಾಗಿ ಕಾರ್ಯಕ್ರಮ ಮುಗಿದ ಮೇಲೆ. ಸಭಾಂಗಣದ ಮುಂಗಡ, ಸೌಂಡಿನವರ ಅಡ್ವಾನ್ಸ್ ಅದರಿಂದ ಕೊಡಲಾಗದು. ಟಿಕೆಟ್ ದರದ ಮೇಲೆ ಆ್ಯಪ್ ಹಾಕುವ ಕನ್ವೀನಿಯನ್ಸ್ ಶುಲ್ಕ ಯಾರ ತಲೆಗೆ? 300ರ ಟಿಕೆಟ್ ಕೊನೆಯ ಪುಟದಲ್ಲಿ ಮೇಲೆ ಹೋದರೆ ಅಲ್ಲಿಯೇ ಕೈಬಿಡುವವರು ಬಹಳ. ಖರೀದಿಸಿದವರ ಫೋನ್ ನಂಬರ್ ನಿಮಗೆ ಸಿಗುತ್ತದೆಯೇ? ಸಿಗದಿದ್ದರೆ ಮುಂದಿನ ಶೋಗೆ ಮತ್ತೆ ಸೊನ್ನೆಯಿಂದ ಶುರು.

ತೆರಿಗೆಯ ಮಾತು: ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಒಬ್ಬರಿಗೆ 500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಉಂಟು. ಅದನ್ನು ದಾಟಿದರೆ ಶೇ. 18ರ ಲೆಕ್ಕ ಬರುತ್ತದೆ. ಹಾಗಾಗಿ 550ರ ಟಿಕೆಟ್ ಇಡುವುದಕ್ಕೆ ಅರ್ಥವಿಲ್ಲ. ಒಂದೋ 500ರ ಒಳಗೆ ನಿಲ್ಲಿ, ಇಲ್ಲವೇ ಲೆಕ್ಕಪರಿಶೋಧಕರನ್ನು ಕೇಳಿ ಧೈರ್ಯವಾಗಿ ಮೇಲೆ ಹೋಗಿ.

ಸಣ್ಣ ಶೋಗೆ ಯುಪಿಐ ಕ್ಯೂಆರ್, ಒಂದು ಗೂಗಲ್ ಫಾರ್ಮ್, ಒಂದು ಹೆಸರಿನ ಪಟ್ಟಿ ಸಾಕು. ಇದರಲ್ಲಿ ಕೆಡುವುದು ಒಂದೇ ಕಡೆ: ಪಾವತಿಯ ಸ್ಕ್ರೀನ್‌ಶಾಟ್ ನಂಬಿ ಟಿಕೆಟ್ ಕಳಿಸುವುದು. ಹಳೆಯ ಸ್ಕ್ರೀನ್‌ಶಾಟಿನಲ್ಲಿ ತಾರೀಕು ಬದಲಿಸಲು ಎರಡು ನಿಮಿಷ ಬೇಡ. ಫಾರ್ಮಿನಲ್ಲಿ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ ಬರೆಸಿಕೊಂಡು, ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಿದ ಮೇಲೆಯೇ ಸೀಟು ಖಚಿತ ಮಾಡಿ.

ಮುದ್ರಣ: 5ರಲ್ಲಿ 4

ಪೋಸ್ಟರ್ ಕಾಲ ಮುಗಿಯಿತು ಎನ್ನುವವರು ಮಣಿಪಾಲದ ಹಾಸ್ಟೆಲ್ ಮೆಸ್ಸಿನ ಗೋಡೆ, ಬಲ್ಮಠ–ಕಂಕನಾಡಿಯ ಜ್ಯೂಸ್ ಅಂಗಡಿಯ ಕೌಂಟರ್ ನೋಡಲಿ. ಊಟಕ್ಕೆ ದಿನಾ ಅದೇ ಜಾಗದಲ್ಲಿ ಕೂರುವವರು ಅದೇ ಪೋಸ್ಟರನ್ನು ಎರಡು ವಾರ ನೋಡುತ್ತಾರೆ. ಯಾವ ಜಾಹೀರಾತೂ ಆ ದರದಲ್ಲಿ ಅಷ್ಟು ಸಲ ಕಣ್ಣಿಗೆ ಬೀಳುವುದಿಲ್ಲ. ಎ3 ಅಳತೆ, 130 ಜಿಎಸ್‌ಎಂ ಆರ್ಟ್ ಪೇಪರ್, 60 ಪ್ರತಿ: ಒಂದು ಶೋಗೆ ಇಷ್ಟು ಬೇಕು, ಇಷ್ಟೇ ಸಾಕು. ಅಂಗಡಿ, ಕೆಫೆ, ವಾದ್ಯದ ಅಂಗಡಿ, ಜಿಮ್, ಪಿಜಿಗಳ ಒಳಗೆ, ಮಾಲೀಕರನ್ನು ಕೇಳಿಯೇ ಹಚ್ಚಿ. ಬೀದಿಯ ಗೋಡೆಗೆ, ಕಂಬಕ್ಕೆ ಅನುಮತಿಯಿಲ್ಲದೆ ಅಂಟಿಸುವುದು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷಿದ್ಧ. ಬ್ಯಾನರ್ ಬೇಕೇ ಬೇಕೆಂದರೆ ಬಟ್ಟೆಯದ್ದು ಮಾಡಿಸಿ, ಪಾಲಿಕೆಯ ಅನುಮತಿ ಪಡೆದು ಕಟ್ಟಿ.

ಪ್ರೆಸ್ಸಿನಲ್ಲಿ ಕೆಡುವುದು ಹೆಚ್ಚಾಗಿ ಕನ್ನಡ ಅಕ್ಷರ. ನೀವು ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಎಷ್ಟೋ ಪ್ರೆಸ್ಸುಗಳಲ್ಲಿ ಇಂದಿಗೂ ಹಳೆಯ ಕೋರೆಲ್‌ಡ್ರಾ ಮತ್ತು ನುಡಿ ತಂತ್ರಾಂಶದ ಹಳೆಯ ಫಾಂಟುಗಳು. ಕಡತ ಅಲ್ಲಿ ತೆರೆದಾಗ ಒತ್ತಕ್ಷರ ಕಳಚಿ ‘ಪ್ರವೇಶ’ ಹೋಗಿ ‘ಪ್‌ರವೇಶ’ ಆಗುತ್ತದೆ, ‘ಕಾರ್ಯಕ್ರಮ’ದ ಅರ್ಕಾವತ್ತು ಇನ್ನೆಲ್ಲೋ ಹೋಗಿ ಕೂರುತ್ತದೆ. ಫೋಟೋಶಾಪಿನಲ್ಲಿಯೂ ಅಕ್ಷರದ ಎಂಜಿನ್ ದಕ್ಷಿಣ ಏಷ್ಯಾದ ಲಿಪಿಗಳದ್ದು ಇಲ್ಲದಿದ್ದರೆ ಇದೇ ಗತಿ. ಪರಿಹಾರ ಸರಳ: ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಸರಿಯಾಗಿ ಕಾಣುವಾಗಲೇ ಅದನ್ನೆಲ್ಲ ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ, 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ) ಇಟ್ಟು, ಮುದ್ರಣದ ಸಿಎಂವೈಕೆ ಬಣ್ಣದಲ್ಲಿ ಪಿಡಿಎಫ್ ಮಾಡಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆದರೆ ಕುಗ್ಗಿ ಮಸುಕಾಗುತ್ತದೆ. 60 ಪ್ರತಿ ಓಡಿಸುವ ಮೊದಲು ಒಂದು ಪ್ರತಿ ತೆಗೆಸಿ, ಬ್ಯಾಂಡಿಗೆ ಸೇರದ ಯಾರಿಂದಾದರೂ ಗಟ್ಟಿಯಾಗಿ ಓದಿಸಿ.

ಪೋಸ್ಟರಿನ ಕ್ಯೂಆರ್ ವಿಷಯದಲ್ಲಿ ಎರಡು ಎಚ್ಚರ. ಓದುವ ದೂರದ ಹತ್ತನೇ ಒಂದು ಪಾಲು ಅಗಲ ಬೇಕು: ಕೌಂಟರಿನಲ್ಲಿ 30 ಸೆಂಟಿಮೀಟರ್ ದೂರದಿಂದಾದರೆ 3 ಸೆಂಟಿಮೀಟರ್, ಗೋಡೆಯ ಪೋಸ್ಟರಿಗೆ 6ಕ್ಕಿಂತ ಕಡಿಮೆ ಬೇಡ. ಸುತ್ತ ಬಿಳಿ ಅಂಚು ಬಿಡಲೇಬೇಕು; ಕಪ್ಪು ಹಿನ್ನೆಲೆಯ ರಾಕ್ ಪೋಸ್ಟರಿನಲ್ಲಿ ಅಂಚು ನುಂಗಿಹೋದರೆ ಫೋನಿಗೆ ಕೋಡ್ ಸಿಗುವುದಿಲ್ಲ. ಮತ್ತೆ, ಬಿಟ್ಟಿ ಸೈಟುಗಳು ಮಾಡಿಕೊಡುವ ‘ಡೈನಾಮಿಕ್’ ಕ್ಯೂಆರ್‌ಗಳಲ್ಲಿ ಹಲವು ಕೆಲವೇ ದಿನಗಳ ಟ್ರಯಲ್. ಅವಧಿ ಮುಗಿದ ದಿನ ಊರಿಡೀ ಹಚ್ಚಿದ ಪೋಸ್ಟರಿನ ಕೋಡ್ ಸಾಯುತ್ತದೆ. ಲಿಂಕ್ ನೇರ ಒಳಗಿರುವ ಸ್ಟ್ಯಾಟಿಕ್ ಕ್ಯೂಆರ್ ಮಾಡಿಸಿ. ಕ್ಯೂಆರ್ ಕೆಳಗೆ ಒಂದು ಫೋನ್ ನಂಬರ್ ಇರಲಿ, ಐವತ್ತು ದಾಟಿದ ಕೇಳುಗರು ಕರೆ ಮಾಡಿಯೇ ಬರುವುದು.

ಪೋಸ್ಟರಿನಲ್ಲಿ ಬ್ಯಾಂಡಿನ ಹೆಸರಿಗಿಂತ ದಿನ, ವಾರ, ಹೊತ್ತು, ಜಾಗ ದೊಡ್ಡದಾಗಿರಬೇಕು. ಹೆಸರು ಗೊತ್ತಿಲ್ಲದವರನ್ನೇ ತಾನೆ ನೀವು ಕರೆಯುತ್ತಿರುವುದು.

ಮೈಕ್ ಪ್ರಚಾರ: 5ರಲ್ಲಿ 2, ಉಡುಪಿಯ ಹೊರವಲಯಕ್ಕೆ 3

ರಿಕ್ಷಾಕ್ಕೆ ಮೈಕ್ ಕಟ್ಟಿ ಊರು ಸುತ್ತಿಸುವ ಇದು ನಾಟಕದವರು, ಯಕ್ಷಗಾನದವರು ಇಂದಿಗೂ ಬಿಡದ ಸೇವೆ. ಪೊಲೀಸ್ ಅನುಮತಿ ಬೇಕು, ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರ್ ಒಳಗೆ ಮೈಕ್ ಬಂದ್ ಮಾಡಬೇಕು. ಮಂಗಳೂರು ಪೇಟೆಯೊಳಗೆ ಹಾರ್ನಿನ ಗದ್ದಲದಲ್ಲಿ ಇದು ವ್ಯರ್ಥ. ಪರ್ಕಳ, ಹಿರಿಯಡ್ಕ, ಕಾಪು, ಮೂಲ್ಕಿ ಪೇಟೆಗಳಲ್ಲಿ ಜನ ಇನ್ನೂ ಕಿವಿಗೊಡುತ್ತಾರೆ. ಬ್ಯಾಂಡಿನವರು ಎರಡು ನಿಮಿಷದ ಹಾಡು, ಅದರ ಮೇಲೆ ವಿವರ ಸೇರಿಸಿ ಕೊಡುತ್ತಾರೆ. ಅಲ್ಲೇ ಕೆಲಸ ಕೆಡುವುದು. ಗಂಟೆಗೆ 20 ಕಿಲೋಮೀಟರ್ ವೇಗದ ರಿಕ್ಷಾ ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಮಾತು ಸ್ಪಷ್ಟವಾಗಿ ಕೇಳುವುದು ಮುಂದೆ 60, ಹಿಂದೆ 60 ಮೀಟರ್ ಎಂದು ಹಿಡಿದರೆ ರಸ್ತೆಬದಿಯಲ್ಲಿ ನಿಂತವರಿಗೆ ಸಿಗುವುದು 20 ಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ದಿನ, ಹೊತ್ತು, ಜಾಗ, ದರ ಒಂದು ಸುತ್ತು ಪೂರ್ತಿ ಆಗಬೇಕು. ಒಂದು ಸಲ ತುಳುವಿನಲ್ಲಿ, ಒಂದು ಸಲ ಕನ್ನಡದಲ್ಲಿ. ಹಾಡು ನಾಲ್ಕು ಸೆಕೆಂಡ್ ಸಾಕು.

ರೇಡಿಯೋ, ಪತ್ರಿಕೆ

ಖಾಸಗಿ ಎಫ್‌ಎಂನಲ್ಲಿ ಹತ್ತು ಸೆಕೆಂಡಿನ ಸ್ಪಾಟ್ ಕೊಳ್ಳುವುದು ಒಂದು ಶೋದ ಬ್ಯಾಂಡ್‌ಗೆ ದಂಡ. ಮತ್ತೆ ಮತ್ತೆ ಬಂದರೆ ಮಾತ್ರ ಅದು ನಾಟುವುದು, ಅಷ್ಟು ದುಡ್ಡು ನಿಮ್ಮಲ್ಲಿ ಇಲ್ಲ. ಸಂತ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯದ ರೇಡಿಯೋ ಸಾರಂಗ್ 107.8ರಂಥ ಸಮುದಾಯ ಬಾನುಲಿಗೆ ಸ್ಥಳೀಯ ಕಲಾವಿದರು ಬೇಕು. ಒಂದು ಗಿಟಾರ್ ಹಿಡಿದು ಹೋಗಿ ಎರಡು ಹಾಡು, ಮಾತುಕತೆ ಮಾಡಿ ಬನ್ನಿ. ಎರಡು ವಾರ ಮೊದಲೇ ಕೇಳಬೇಕು, ರೆಕಾರ್ಡಿಂಗ್‌ಗೆ ಅವರಿಗೂ ಪಾಳಿ ಉಂಟು.

ಪತ್ರಿಕೆಯ ಜಾಹೀರಾತಿಗಿಂತ ‘ನಗರದಲ್ಲಿ ಇಂದು’ ಬಗೆಯ ಪುಟ್ಟ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ, ಅದಕ್ಕೆ ದುಡ್ಡಿಲ್ಲ. ಮೂರು ದಿನ ಮೊದಲು ಕಳಿಸಿ. ಪ್ರಕಟಣೆ 120 ಪದ ಮೀರಬಾರದು, ಮೊದಲ ವಾಕ್ಯದಲ್ಲೇ ದಿನ ಮತ್ತು ಸ್ಥಳ ಬರಬೇಕು, ಚಿತ್ರದಲ್ಲಿ ಎಡದಿಂದ ಬಲಕ್ಕೆ ಯಾರೆಂದು ಬರೆದಿರಬೇಕು. ಪತ್ರಿಕಾ ಭವನದಲ್ಲಿ ಸುದ್ದಿಗೋಷ್ಠಿ ಮಾಡುವ ಖರ್ಚು ಒಂದು ಬ್ಯಾಂಡಿಗೆ ಬೇಡ. ನಾಲ್ಕು ಬ್ಯಾಂಡ್ ಸೇರಿದ ಉತ್ಸವವಾದರೆ ಯೋಚಿಸಬಹುದು.

ವಾಟ್ಸ್‌ಆ್ಯಪ್: 5ರಲ್ಲಿ 5

ದುಡ್ಡಿಲ್ಲದ ಸೇವೆಗೆ ಪೂರ್ತಿ ಅಂಕ ಕೊಟ್ಟಿದ್ದೇವೆ, ಏಕೆಂದರೆ ಇಲ್ಲಿ ಟಿಕೆಟ್ ಮಾರುವುದು ಇದೇ. ಆದರೆ ಗ್ರೂಪಿಗೆ ಪೋಸ್ಟರ್ ಎಸೆದು ಸುಮ್ಮನೆ ಕೂರುವುದು ಪ್ರಚಾರ ಅಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಮ್ಮೆಗೆ 256 ಜನ. ಅದೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೋಗಿದೆ ಎಂದು ನೀವು ಅಂದುಕೊಂಡದ್ದರಲ್ಲಿ ಎಷ್ಟೋ ಹೋಗಿರುವುದೇ ಇಲ್ಲ. ಹೆಸರು ಹಿಡಿದು ಒಬ್ಬೊಬ್ಬರಿಗೆ ಬರೆಯಿರಿ:

‘ಅಣ್ಣಾ, ಶನಿವಾರ ಸಂಜೆ ಆರೂವರೆಗೆ ಕಂಕನಾಡಿಯಲ್ಲಿ ನಮ್ಮ ಶೋ ಉಂಟು. ಎಂಟೂವರೆಗೆ ಮುಗೀತದೆ, ಬಸ್ ಸಿಗ್ತದೆ. ನಿಮಗೂ ಅತ್ತಿಗೆಗೂ ಎರಡು ಸೀಟ್ ಇಡ್ಲಾ?’

ಈ ಮೂರು ಸಾಲಿನಲ್ಲಿ ಪೋಸ್ಟರ್ ಹೇಳದ ಎರಡು ಸಂಗತಿ ಉಂಟು: ಬಿಡುವ ಹೊತ್ತು, ಬಸ್ಸು. ರಾತ್ರಿ ಒಂಬತ್ತರ ನಂತರ ಸಿಟಿ ಬಸ್ ಕಡಿಮೆಯಾಗುತ್ತಾ ಹೋಗುವ ಊರಿದು. ಹಾಸ್ಟೆಲಿನವರಿಗೆ ಗೇಟಿನ ಹೊತ್ತು ಬೇರೆ. ಧ್ವನಿವರ್ಧಕಕ್ಕೆ ಕಾನೂನಿನ ಮಿತಿ ರಾತ್ರಿ 10 ಆದರೂ ಟಿಕೆಟ್ ಶೋವನ್ನು ಎಂಟೂವರೆಗೆ ಮುಗಿಸುವುದೇ ಲೇಸು. ಬ್ಯಾಂಡಿನ ಐದು ಮಂದಿ ತಲಾ 40 ಜನರಿಗೆ ಹೀಗೆ ಬರೆದರೆ 200 ಆಹ್ವಾನ. ‘ನೋಡುವ’ ಎಂದವರನ್ನು ಬಿಡಬೇಡಿ, ಎರಡು ದಿನ ಮೊದಲು ಮತ್ತೊಮ್ಮೆ ಕೇಳಿ. ‘ಉಚಿತ ಪಾಸ್ ಉಂಟಾ?’ ಎಂದು ಕೇಳುವವರಿಗೆ ಮೊದಲೇ ಉತ್ತರ ತಯಾರಿರಲಿ. ಒಬ್ಬರಿಗೆ ಪಾಸ್ ಕೊಟ್ಟ ಸುದ್ದಿ ಸಂಜೆಯೊಳಗೆ ಹತ್ತು ಜನರಿಗೆ ಮುಟ್ಟುತ್ತದೆ, ದುಡ್ಡು ಕೊಟ್ಟವರಿಗೂ ಮುಟ್ಟುತ್ತದೆ. ಪಾಸಿನ ಬದಲು ‘ನಾಲ್ಕು ತೆಗೆದರೆ ಒಂದು ಉಚಿತ’ ಎಂದರೆ ಅವರೇ ಇನ್ನು ಮೂವರನ್ನು ಹುಡುಕುತ್ತಾರೆ.

ದಿನ ನೋಡಿ, ಆಮೇಲೆ ಖರ್ಚು

ತಪ್ಪು ದಿನಕ್ಕೆ ಎಂಥ ಪ್ರಚಾರವೂ ಸಾಲದು. ನವೆಂಬರಿನಿಂದ ಮಾರ್ಚ್‌ವರೆಗೆ ಶನಿವಾರ–ಭಾನುವಾರ ಕಂಬಳ ಎಲ್ಲೆಂದು ನೋಡಿಕೊಳ್ಳಿ. ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಕೋಲ, ಬಯಲಾಟ ನಡೆಯುತ್ತಿರುತ್ತವೆ. ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಇರುವ ವಾರ ಬೇಡ. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಕೃಷ್ಣಮಠದ ಪರ್ಯಾಯ ಉತ್ಸವದ ಆಸುಪಾಸು ಉಡುಪಿಯಲ್ಲಿ ರಸ್ತೆಯೂ ಸಿಗದು, ಕೋಣೆಯೂ ಸಿಗದು. ಮಾರ್ಚ್ ಪರೀಕ್ಷೆ. ಏಪ್ರಿಲ್–ಮೇ ಮದುವೆ, ಸಂಜೆಗೆ ಐಪಿಎಲ್. ಉಳಿಯುವುದು ಆಗಸ್ಟ್, ಸೆಪ್ಟೆಂಬರ್. ಮಳೆಗೆ ಹೆದರಿ ಬ್ಯಾಂಡ್‌ಗಳು ಕೈಬಿಡುವ ತಿಂಗಳುಗಳು. ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿರುತ್ತವೆ, ಕಾಲೇಜು ತೆರೆದಿರುತ್ತದೆ, ಸಭಾಂಗಣ ಸಿಗುತ್ತದೆ. ಅಷ್ಟಮಿ, ಚೌತಿ ಬಿಟ್ಟು ಉಳಿದ ಶನಿವಾರಗಳು ಒಳಾಂಗಣದ ಶೋಗೆ ಹೇಳಿ ಮಾಡಿಸಿದಂಥವು.

ಪ್ರಚಾರಕ್ಕೆ 15,000 ರೂಪಾಯಿ ಇದೆ ಎಂದಾದರೆ ನಮ್ಮ ಹಂಚಿಕೆ ಇದು: ಪೋಸ್ಟರ್, ಹ್ಯಾಂಡ್‌ಬಿಲ್, ಹಚ್ಚುವವರ ಪೆಟ್ರೋಲ್ ಸೇರಿ 5,000. ಹಾಡಿನ ಒಂದು ಒಳ್ಳೆಯ ವಿಡಿಯೋಗೆ 4,000. ಇನ್‌ಸ್ಟಾಗ್ರಾಂಗೆ ತೆರಿಗೆ ಸೇರಿ 4,000, ಅದರಲ್ಲಿ ಮುಕ್ಕಾಲು ಪಾಲು ಕೊನೆಯ ಐದು ದಿನಕ್ಕೆ. ಉಳಿದ 2,000 ಕೈಯಲ್ಲಿರಲಿ. ಬುಧವಾರ ರಾತ್ರಿ ಲೆಕ್ಕ ನೋಡಿದಾಗ ಯಾವ ದಾರಿಯಿಂದ ಟಿಕೆಟ್ ಹೋಗುತ್ತಿದೆಯೋ ಗುರುವಾರ ಬೆಳಿಗ್ಗೆ ಅದಕ್ಕೇ ಹಾಕಿ. ಮಂಗಳೂರಿನ ಬದಲು ಮಣಿಪಾಲದಲ್ಲಿ ಶೋ ಆದರೆ ಮುದ್ರಣದಿಂದ 1,500 ತೆಗೆದು ಹಾಸ್ಟೆಲ್‌ಗಳಲ್ಲಿ ಟಿಕೆಟ್ ಮಾರುವ ವಿದ್ಯಾರ್ಥಿಗಳಿಗೆ ಟಿಕೆಟಿಗೆ 25 ರೂಪಾಯಿಯಂತೆ ಕೊಡಿ, ಶೋ ಮುಗಿದ ರಾತ್ರಿಯೇ ಕೊಡಿ.